ನಾರ್ಮಲ್ ರಿಪೋರ್ಟಿನ ಒಳಗೆ

ನನಗೀಗ 26ನೇ ವಾರ. ವರ್ಕ್ ಫ್ರಂ ಹೋಂ ಅಂತ ಮಂಚಿಕೇರಿಗೆ ಬಂದಮೇಲೆ ದಿನಾ ಕಿವಿಗೆ ಬೀಳೋ ಮಾತು ಎರಡು. ಅತ್ತೆಯದ್ದು, ‘ಕೂಸೇ, ಇಬ್ಬರ ಪಾಲು ಉಣ್ಣವು’. ಪಕ್ಕದ ಮನೆಯವರದ್ದು, ‘ಇಷ್ಟು ಸಣ್ಣಕಿದ್ದೆ, ನಿಂಗೆಂತಕ್ಕೆ ಶುಗರ್ ಟೆಸ್ಟು?’

ಎಂತಕ್ಕೆ ಅಂದ್ರೆ, ನಮ್ಮ ಆಯಿಗೆ ಶುಗರ್ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997ರ ಹೊತ್ತಿಗೆ ಶುರುವಾದ ಅಧ್ಯಯನವೊಂದಿದೆ. ಅಲ್ಲಿ ಪರೀಕ್ಷೆ ಮಾಡಿದ ಬಸುರಿಯರಲ್ಲಿ ಶೇಕಡಾ 6.2 ಮಂದಿಗೆ ಗರ್ಭಿಣಿ ಮಧುಮೇಹ ಸಿಕ್ಕಿತ್ತು. ಅದಕ್ಕೆ ನಂಟಿದ್ದದ್ದು ಮೈಯಲ್ಲಿನ ಕೊಬ್ಬಿಗೆ, ಮನೆತನದಲ್ಲಿ ಶುಗರ್ ಇರೋದಕ್ಕೆ. ನನಗೆ ಹೆಚ್ಚು ತಟ್ಟಿದ್ದು ಇನ್ನೊಂದು ವಿಷಯ: ಮಧುಮೇಹ ಇಲ್ಲದ ತಾಯಂದಿರಲ್ಲೂ ಖಾಲಿ ಹೊಟ್ಟೆಯ ಶುಗರ್ ಏರಿದ ಹಾಗೆ ಮಗುವಿನ ತೂಕವೂ ಏರಿತ್ತು.

2008ರಲ್ಲಿ ಬಂದ ಹ್ಯಾಪೋ ಅಧ್ಯಯನ ಒಂಬತ್ತು ದೇಶಗಳ ಸುಮಾರು 25 ಸಾವಿರ ಬಸುರಿಯರನ್ನ ನೋಡಿ ಇದನ್ನೇ ಹೇಳಿತು. ಇಲ್ಲಿಂದಾಚೆ ಅಪಾಯ ಅನ್ನೋ ಗೆರೆ ಎಲ್ಲೂ ಇಲ್ಲ, ಬರೀ ಇಳಿಜಾರು. ಗೆರೆ ಎಳೆದವರು ನಾವು, ಕೋಡಿನಲ್ಲಿ ಇಫ್ ಕಂಡೀಷನ್ ಹಾಕಿದ ಹಾಗೆ. ನಮ್ಮ ಸರ್ಕಾರಿ ಕ್ರಮದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬಿಟ್ಟು 140 ಅಥವಾ ಮೇಲಿದ್ದರೆ ಮಧುಮೇಹ. ನನ್ನದು 131. ರಿಪೋರ್ಟ್ ‘ನಾರ್ಮಲ್’ ಅನ್ನುತ್ತೆ, ಸರಿ. ಆದರೆ 95 ಬಂದವಳಿಗೂ ಅದೇ ಪದ.

ಈ ಟೆಸ್ಟ್ ಎರಡು ಸಲ: ಮೊದಲ ಚೆಕಪ್‌ನಲ್ಲಿ, ಮತ್ತೆ 24ರಿಂದ 28 ವಾರದೊಳಗೆ. ಮೊದಲನೆಯದು ಚೆನ್ನಾಗಿತ್ತು ಅಂತ ಎರಡನೆಯದನ್ನ ಬಿಡೋರು ಬಹಳ. ಬಿಡಬೇಡಿ. ಮಾಸುಚೀಲದ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡ ನಿಲ್ಲೋದು ಐದು ತಿಂಗಳ ನಂತರವೇ ಜೋರು. ಕೊನೆಕೊನೆಗೆ ಇನ್ಸುಲಿನ್ ಕೆಲಸ ಸುಮಾರು ಅರ್ಧಕ್ಕಿಳಿಯುತ್ತೆ. ಮೇದೋಜ್ಜೀರಕ ಹೆಚ್ಚು ದುಡಿದು ಸರಿದೂಗಿಸಿದರೆ ಸೈ. ಎಚ್‌ಬಿಎ1ಸಿ ಒಂದನ್ನೇ ನಂಬಿ ಕೂರೋ ಹಾಗೂ ಇಲ್ಲ. ಬಸುರಿನಲ್ಲಿ ಕೆಂಪು ರಕ್ತಕಣದ ಆಯಸ್ಸು ಕಮ್ಮಿ, ಹಾಗಾಗಿ ಅದು ಇಳಿಸಿ ತೋರಿಸುತ್ತೆ. ಕಬ್ಬಿಣದ ಕೊರತೆ ಇದ್ದರೆ ಏರಿಸಿ. ನಮ್ಮಲ್ಲಿ ರಕ್ತ ಕಮ್ಮಿ ಇಲ್ಲದ ಬಸುರಿ ಎಷ್ಟು ಮಂದಿ ಹೇಳಿ!

ಇನ್ನು ತೂಕ. ಬಸುರಿಗೆ ಮೊದಲು ನಾನು 52 ಕೆಜಿ, ಈಗ 59. ಬಿಎಂಐ 18.5ರಿಂದ 24.9 ಇದ್ದವರು ಒಟ್ಟು 11.5ರಿಂದ 16 ಕೆಜಿ ಏರಬಹುದು ಅನ್ನೋದು 2009ರ ಅಮೆರಿಕದ ಲೆಕ್ಕ. ಐದಡಿ ಎತ್ತರದ ನಮ್ಮಂಥವರಿಗೆ 16 ಜಾಸ್ತಿಯೇ ಅಂತ ನನಗನ್ನಿಸುತ್ತೆ. ಡಾಕ್ಟರೂ 11-12 ಸಾಕು ಅಂದರು. ನಮ್ಮ ದೇಶದಲ್ಲಿ ಬಿಎಂಐ 23 ದಾಟಿದರೇ ದಪ್ಪ ಅನ್ನೋದು. ಕೈಕಾಲು ಸಣ್ಣ, ಹೊಟ್ಟೇಲಿ ಕೊಬ್ಬು – ಅದು ನಮ್ಮ ಮೈಕಟ್ಟು.

ಇಬ್ಬರ ಪಾಲು ಅಂದರೆ ಎಷ್ಟು? ಐಸಿಎಂಆರ್ ಪ್ರಕಾರ ದಿನಕ್ಕೆ 350 ಕ್ಯಾಲೊರಿ ಹೆಚ್ಚು. ಒಂದು ಲೋಟ ಹಾಲು, ಎರಡು ದೋಸೆ, ಅಷ್ಟೇ. ದೋಸೆ ಮೇಲೆ ಜೋನಿಬೆಲ್ಲ ಸುರಿದರೆ ಲೆಕ್ಕ ತಪ್ಪಿತು. ಬೆಲ್ಲ ಮನೆಯದ್ದು, ಕೆಮಿಕಲ್ ಇಲ್ಲ, ನಿಜ. ರಕ್ತಕ್ಕೆ ಹೋದಮೇಲೆ ಅದೂ ಸಕ್ಕರೆಯೇ. ಹಾಗಂತ ಪಥ್ಯ ಮಾಡಿ ಸೊರಗೋದೂ ಬೇಡ, ಮಗು ಸಣ್ಣದಾದರೂ ಕಷ್ಟವೇ. ನಾನು ಅನ್ನ ಒಂದು ಸೌಟು ಇಳಿಸಿ ತಂಬುಳಿ, ಪಲ್ಯ, ಹೆಸರುಕಾಳು ಏರಿಸಿದ್ದೇನೆ. ಊಟ ಆದಮೇಲೆ ತೋಟದ ದಾರೀಲಿ ಹದಿನೈದು ನಿಮಿಷ ನಡಿಗೆ. ಮಳೆ ಬಂದರೆ ಜಗಲೀಲೇ.

ನಿಮ್ಮ ರಿಪೋರ್ಟ್ ಬಂದಾಗ ಕೆಳಗಿನ ಪದ ಬಿಟ್ಟು ಅಂಕಿ ನೋಡಿ, ಫೋನಲ್ಲಿ ಒಂದು ಫೋಟೋ ಇಟ್ಕೊಳ್ಳಿ. ಮುಂದಿನ ಚೆಕಪ್‌ಗೆ ಹೋದಾಗ ಅದನ್ನೂ ತೂಕದ ಪಟ್ಟಿಯನ್ನೂ ಒಟ್ಟಿಗೇ ಡಾಕ್ಟರ ಮುಂದಿಡಿ.