ಟಾಟಾ ಇನ್‌ಸ್ಟಿಟ್ಯೂಟಿನಿಂದ ಪೀಣ್ಯಕ್ಕೆ ಎಷ್ಟು ದೂರ?



ಟಾಟಾ ಇನ್‌ಸ್ಟಿಟ್ಯೂಟಿನಿಂದ ಪೀಣ್ಯಕ್ಕೆ ಹತ್ತು ಕಿಲೋಮೀಟರೂ ಇಲ್ಲ. ಯಶವಂತಪುರದಲ್ಲಿ ಮೆಟ್ರೋ ಹತ್ತಿದರೆ ಕಾಲು ಗಂಟೆ. ಆದರೆ ಅಲ್ಲಿನ ಲ್ಯಾಬಿನ ವಿದ್ಯೆ ಪೀಣ್ಯದ ತಗಡಿನ ಶೆಡ್ಡಿಗೆ ಬಂದು ಮುಟ್ಟುವುದಕ್ಕೆ ಒಂದು ತಲೆಮಾರು ಬೇಕೆ? ಈ ಪ್ರಶ್ನೆ ಕೇಳಬೇಕಾದವರು ನೀವು.

2007ರಲ್ಲಿ ಕೇಂದ್ರ ಸರ್ಕಾರ ಐದು ವರ್ಷಕ್ಕೆ 1,000 ಕೋಟಿ ರೂಪಾಯಿಯ ನ್ಯಾನೋ ಮಿಷನ್ ಘೋಷಿಸಿತು. ಅದರ ಮಂಡಳಿಯ ಮುಖ್ಯಸ್ಥರಾಗಿದ್ದವರು ನಮ್ಮ ಸಿ.ಎನ್.ಆರ್. ರಾವ್. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಇನ್‌ಸ್ಟಿಟ್ಯೂಟಿನ ನ್ಯಾನೋ ವಿಜ್ಞಾನ ವಿಭಾಗ, ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ, ಎಲ್ಲವೂ ಬೆಂಗಳೂರಿನವೇ. ಇನ್‌ಸ್ಟಿಟ್ಯೂಟ್ ನಿಂತಿರುವುದೇ ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದ ಮೇಲೆ. ಇದನ್ನು ಹೇಳಿ ಎದೆ ತಟ್ಟಿಕೊಂಡರೆ ಹೊಟ್ಟೆ ತುಂಬುವುದಿಲ್ಲ. ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳಿಗೆ ಇದರಿಂದ ಏನು ಸಿಕ್ಕಿತು?

ನ್ಯಾನೋ ಎಂದರೆ ಮಂತ್ರವಲ್ಲ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ತಲೆಗೂದಲಿನ ದಪ್ಪವೇ ಹತ್ತಿರಹತ್ತಿರ ಒಂದು ಲಕ್ಷ ನ್ಯಾನೋಮೀಟರ್. ವಸ್ತುವನ್ನು ಆ ಅಳತೆಗೆ ಇಳಿಸಿದರೆ ಅದರ ಗುಣವೇ ಬದಲಾಗುತ್ತದೆ. ಜಪಾನಿನ ಟೊಯೋಟಾದವರು ನೈಲಾನಿಗೆ ಶೇಕಡಾ ಐದಕ್ಕಿಂತ ಕಡಿಮೆ ಜೇಡಿಮಣ್ಣನ್ನು ನ್ಯಾನೋ ಪದರಗಳಾಗಿ ಬಿಡಿಸಿ ಬೆರೆಸಿದರು. ಬಿಸಿಗೆ ಬಗ್ಗದ ಗಟ್ಟಿ ಪ್ಲಾಸ್ಟಿಕ್ ಸಿಕ್ಕಿತು. ಅದರಿಂದ ಕಾರಿನ ಬೆಲ್ಟಿನ ಕವರ್ ಮಾಡಿದರು. ಬೆರೆಸಿದ್ದು ಮಣ್ಣು, ಗೆಳೆಯರೇ!

ಈಗ ಪೀಣ್ಯಕ್ಕೆ ಬನ್ನಿ. ಅಲ್ಲಿನ ಹಾರ್ಡ್ ಕ್ರೋಮ್ ಪ್ಲೇಟಿಂಗ್ ಶೆಡ್ಡುಗಳಲ್ಲಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಪೀಣ್ಯದ ಅಂತರ್ಜಲಕ್ಕೂ ಕ್ರೋಮಿಯಂ ಇಳಿದಿದೆ. ಇದಕ್ಕೆ ಬದಲಿ ಹುಡುಕಿದವರಿದ್ದಾರೆ. ಟ್ಯಾಂಕಿಗೆ ಕರೆಂಟನ್ನು ಸತತವಾಗಿ ಹರಿಸದೆ ಬಿಟ್ಟುಬಿಟ್ಟು ಕೊಟ್ಟರೆ ಲೇಪದ ಲೋಹದ ಹರಳುಗಳು ನ್ಯಾನೋ ಅಳತೆಯಲ್ಲೇ ನಿಲ್ಲುತ್ತವೆ, ಲೇಪ ಗಟ್ಟಿಯಾಗುತ್ತದೆ. ಇದಕ್ಕೆ ಪಲ್ಸ್ ಪ್ಲೇಟಿಂಗ್ ಎನ್ನುತ್ತಾರೆ. ಕೋಬಾಲ್ಟ್-ಫಾಸ್ಫರಸ್ ಲೇಪವನ್ನು ಹೀಗೆಯೇ ಹಾರ್ಡ್ ಕ್ರೋಮಿನ ಜಾಗಕ್ಕೆ ತಂದಿದ್ದಾರೆ. ಹೊಸ ದ್ರಾವಣವೂ ಪೂರ್ತಿ ನಿರಪಾಯವಲ್ಲ, ಖರ್ಚೂ ಉಂಟು. ಆದರೆ ಟ್ಯಾಂಕಿನ ಪಕ್ಕ ದಿನವಿಡೀ ಆ ಹಬೆ ಕುಡಿಯುವ ಹುಡುಗನಿಗೆ ಇಂಥ ದಾರಿ ಇದೆ ಎಂದು ಹೇಳಿದವರು ಯಾರು?

ಹೇಳುವವರಿಲ್ಲದ ಕಡೆ ಮಾರುವವರು ಬರುತ್ತಾರೆ. ಡಬ್ಬದ ಮೇಲೆ 'ನ್ಯಾನೋ' ಎಂದು ಅಚ್ಚು ಹಾಕಿ ಎರಡರಷ್ಟು ಬೆಲೆ ಕೀಳುತ್ತಾರೆ. ಸಾಲ ಮಾಡಿ ಪುಡಿ ತಂದ ಮಾಲೀಕ ಅದನ್ನು ಬಣ್ಣಕ್ಕೋ ರಬ್ಬರಿಗೋ ಕಲಸುತ್ತಾನೆ. ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಮುದ್ದೆಯಾದ ಮೇಲೆ ಅದು ನ್ಯಾನೋ ಅಲ್ಲ, ಬರೀ ಪುಡಿ. ಕಣಗಳನ್ನು ಬಿಡಿಸಿ ಹರಡುವುದೇ ಇಲ್ಲಿನ ನಿಜವಾದ ಕಸುಬು. ಅದು ಆಗಿದೆಯೋ ಇಲ್ಲವೋ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಂದು ಚಿತ್ರದಲ್ಲಿ ಗೊತ್ತಾಗುತ್ತದೆ. ಆ ಯಂತ್ರ ಇನ್‌ಸ್ಟಿಟ್ಯೂಟಿನಲ್ಲಿದೆ. ಶುಲ್ಕ ಕೊಟ್ಟರೆ ಹೊರಗಿನ ಕಂಪನಿಗಳಿಗೂ ಪರೀಕ್ಷೆ ಮಾಡಿಕೊಡುತ್ತಾರೆ. ಆದರೆ ಇಂಗ್ಲಿಷಿನ ಅರ್ಜಿ, ಇಂಗ್ಲಿಷಿನ ವರದಿ ಕಂಡು ಹತ್ತನೇ ಕ್ಲಾಸು ಓದಿ ಲೇತ್ ಹಿಡಿದವನು ಗೇಟಿನಿಂದಲೇ ಹಿಂದಿರುಗುತ್ತಾನೆ. ದಡ್ಡನೆಂದಲ್ಲ. ಅವನ ಭಾಷೆಯಲ್ಲಿ ಅವನನ್ನು ಕರೆದವರಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸರಳ. ಸಣ್ಣ ಕೈಗಾರಿಕೆಯವರು ತಮ್ಮ ಕಷ್ಟವನ್ನು ಕನ್ನಡದಲ್ಲಿ ಹೇಳಿಕೊಳ್ಳಲು ಪೀಣ್ಯದಲ್ಲೇ ಒಂದು ಸಲಹಾ ಕೇಂದ್ರ ಬೇಕು. ಮೊದಲ ಪರೀಕ್ಷೆಯ ಶುಲ್ಕವನ್ನು ರಾಜ್ಯ ಸರ್ಕಾರ ಭರಿಸಬೇಕು. ನ್ಯಾನೋ ಪುಡಿ ಉಸಿರಿನಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಆದ್ದರಿಂದ ಅದನ್ನು ಮುಟ್ಟುವ ಕಾರ್ಮಿಕನ ಮುಂದೆ ಎಚ್ಚರಿಕೆಯ ಹಾಳೆ ಕನ್ನಡದಲ್ಲೇ ಇರಬೇಕು. ಇದು ಅಭಿಮಾನದ ಮಾತಲ್ಲ, ಪ್ರಾಣದ ಮಾತು.

ಸರ್ಕಾರ ಮಾಡಲಿ ಎಂದು ಕೂತರೆ ಕೂತೇ ಇರುತ್ತೇವೆ. ನಿಮ್ಮಲ್ಲಿ ಬಿ.ಇ. ಓದಿದವರಿದ್ದೀರಿ, ಎಂ.ಎಸ್ಸಿ., ಡಿಪ್ಲೊಮಾ ಮಾಡಿದವರಿದ್ದೀರಿ. ಈ ಭಾನುವಾರ ನಿಮ್ಮ ಮಾವನದೋ ಗೆಳೆಯನ ಅಪ್ಪನದೋ ವರ್ಕ್‌ಶಾಪಿಗೆ ಹೋಗಿ. ಅಲ್ಲಿ ನ್ಯಾನೋ ಡಬ್ಬವಿದ್ದರೆ ಮೂರು ಪ್ರಶ್ನೆ ಕೇಳಿಸಿ: ಕಣದ ಅಳತೆ ಎಷ್ಟು? ಎಷ್ಟು ಬೆರೆಸಬೇಕು? ಪರೀಕ್ಷೆಯ ವರದಿ ಎಲ್ಲಿ? ಮಾರುವವನು ತಡವರಿಸಿದರೆ ಹಣ ಉಳಿಯಿತು. ಒಳ್ಳೆಯ ಮಾಲಾದರೆ ಆ ವರದಿಯನ್ನು ಕೂತು ಕನ್ನಡದಲ್ಲಿ ಬಿಡಿಸಿ ಹೇಳಿ. ಲ್ಯಾಬಿನ ಅರ್ಜಿ ತುಂಬಿಕೊಡಿ, ಜೊತೆಗೆ ಹೋಗಿ.

ಬೋರ್ಡಿನ ಮೇಲೆ ಕನ್ನಡ ಬರೆಸಿದ್ದೇವೆ. ಇನ್ನು ಶೆಡ್ಡಿನ ಒಳಗಿನ ಕೆಲಸಕ್ಕೂ ಕನ್ನಡ ಬರಲಿ. ಹತ್ತು ಕಿಲೋಮೀಟರ್ ದಾರಿ, ನಡೆದರೂ ಮುಟ್ಟಬಹುದು.