ಹಬ್ಬದ ಜಮಾಖರ್ಚು

ಗೌರಿಯ ಹಬ್ಬದಿಂದ ಮೊದಲುಗೊಂಡು ಬಲಿಪಾಡ್ಯಮಿಯವರೆಗಿನ ಕಾಲವು ಗೃಹಸ್ಥನಿಗೆ ಸಂತೋಷದ ಕಾಲವೆಂದು ಪಂಚಾಂಗವು ಹೇಳುತ್ತದೆ. ಅವನ ಕೈಚೀಲವು ಬೇರೊಂದು ಮಾತನ್ನು ಹೇಳುತ್ತದೆ. ಹೆಣ್ಣುಮಕ್ಕಳಿಗೆ ಬಾಗಿನ, ನವರಾತ್ರಿಯ ಗೊಂಬೆ ಆರತಿ, ಆಯುಧಪೂಜೆ, ಹೊಸ ಅಳಿಯನ ಮೊದಲ ದೀಪಾವಳಿ, ಮಕ್ಕಳಿಗೆ ಬಟ್ಟೆ ಪಟಾಕಿ, ಊರಿಗೆ ಹೋಗಿಬರುವ ಬಸ್ಸಿನ ಏರಿದ ದರ - ಇವುಗಳಲ್ಲಿ ಒಂದೊಂದೂ ಸಣ್ಣದೇ. ಎಲ್ಲವೂ ಒಂದುಗೂಡಿದಾಗ ತಿಂಗಳ ಸಂಬಳವು ಸಾಲದೆ ಹೋಗುತ್ತದೆ. ಹಣತೆಯ ಎಣ್ಣೆ ಆರಿದ ಮೇಲೆಯೂ ಉರಿಯುತ್ತಲೇ ಇರುವ ಬೆಂಕಿಯೊಂದುಂಟು. ಅದು ಹಬ್ಬಕ್ಕಾಗಿ ಮಾಡಿದ ಸಾಲ.

ಹಬ್ಬವನ್ನು ಬಿಡಿರೆಂದು ಬೋಧಿಸುವ ಜಾತಿಯವರು ನಾವಲ್ಲ. ಹಬ್ಬವಿಲ್ಲದ ಜನಾಂಗವು ನೆನಪಿಲ್ಲದ ಜನಾಂಗ. ಆದರೆ ನಮ್ಮ ಹಿರಿಯರು ಹಬ್ಬವನ್ನೂ ಲೆಕ್ಕವನ್ನೂ ಒಟ್ಟಿಗೆ ಇಟ್ಟಿದ್ದರೆಂಬುದನ್ನು ವಾಚಕರು ಮರೆಯಬಾರದು. ಹುಬ್ಬಳ್ಳಿ ಬೆಳಗಾವಿಗಳ ಪೇಟೆಗಳಲ್ಲಿ ದೀಪಾವಳಿಯ ದಿನ ವರ್ತಕರು ಕಿರ್ದಿ ಖತಾವಣಿಗಳಿಗೆ ಅರಿಶಿನ ಕುಂಕುಮವಿಟ್ಟು ಪೂಜಿಸಿ, ಹಳೆಯ ಬಾಕಿಯನ್ನು ನೋಡಿಕೊಂಡು, ಹೊಸ ಪುಸ್ತಕವನ್ನು ಆರಂಭಿಸುತ್ತಾರೆ. ಲಕ್ಷ್ಮಿಯು ಲೆಕ್ಕವುಳ್ಳವನ ಮನೆಯಲ್ಲಿ ನಿಲ್ಲುವಳೆಂಬುದೇ ಆ ಪೂಜೆಯ ಅರ್ಥ. ವರ್ತಕನು ಲೆಕ್ಕದ ಪುಸ್ತಕವನ್ನು ಪೂಜಿಸುವ ದಿನದಲ್ಲಿಯೇ ಅವನ ಗಿರಾಕಿಯು ಲೆಕ್ಕವನ್ನು ಕೈಬಿಡುವುದು ಎಂಥ ವಿಪರ್ಯಾಸ!

ಈಚೆಗೆ ಪೇಟೆಯಲ್ಲಿ ಕಣ್ಣಿಗೆ ಬೀಳುವ ಮೊದಲ ಮಾತು ‘ಬಡ್ಡಿಯಿಲ್ಲದ ಕಂತು’ ಎಂಬುದು. ಶೂನ್ಯ ಬಡ್ಡಿಯ ಕಂತುಗಳಲ್ಲಿ ಬಡ್ಡಿಯನ್ನು ಬೇರೆ ಶುಲ್ಕಗಳ ಹೆಸರಿನಲ್ಲಿ ಮರೆಮಾಡಲಾಗುತ್ತದೆಯೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಉಪಾಯವು ವೇಷವನ್ನು ಬದಲಾಯಿಸಿತೇ ಹೊರತು ಹೋಗಲಿಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ನಗದು ಕೊಟ್ಟರೆ 22,500 ರೂಪಾಯಿಗೆ ದೊರೆಯುವ ಪದಾರ್ಥವನ್ನು ತಿಂಗಳಿಗೆ 2,000ದಂತೆ 12 ಕಂತುಗಳಲ್ಲಿ ಕೊಂಡವನು ಒಟ್ಟು 24,000 ತೆರುತ್ತಾನೆ. ನಗದಿನ ರಿಯಾಯಿತಿಯನ್ನು ಕಳೆದುಕೊಂಡ ಆ 1,500 ರೂಪಾಯಿಯೇ ಬಡ್ಡಿ. ಮೇಲುನೋಟಕ್ಕೆ ಅದು ನೂರಕ್ಕೆ 7ಕ್ಕಿಂತ ಕಡಮೆಯೆಂದು ತೋರಿದರೂ, ಅಸಲು ತಿಂಗಳು ತಿಂಗಳೂ ತೀರುತ್ತ ಬರುವುದರಿಂದ ನಿಜವಾದ ದರವು ವರ್ಷಕ್ಕೆ ನೂರಕ್ಕೆ ಸುಮಾರು 12 ಆಗುತ್ತದೆ. ಆದುದರಿಂದ ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆಯು ಕಂತೆಷ್ಟು ಎಂಬುದಲ್ಲ. ಈಗಲೇ ಪೂರ್ತಿ ಕೊಟ್ಟರೆ ಎಷ್ಟು, ಕಂತಿನಲ್ಲಿ ಒಟ್ಟು ಎಷ್ಟು ಎಂಬುದು.

ಕ್ರೆಡಿಟ್ ಕಾರ್ಡಿನ ಸಂಗತಿಯು ಇದಕ್ಕಿಂತ ಘೋರವಾದುದು. ಗಡುವಿನೊಳಗೆ ಪೂರ್ತಿ ತೀರಿಸುವವನಿಗೆ ಅದು ಸೇವಕ. ಬಾಕಿ ಉಳಿಸಿಕೊಂಡವನಿಗೆ ಯಜಮಾನ. ತಿಂಗಳಿಗೆ ನೂರಕ್ಕೆ 3½ರ ಬಡ್ಡಿಯೆಂದರೆ 20,000 ರೂಪಾಯಿಯ ಬಾಕಿಗೆ ಒಂದೇ ತಿಂಗಳಲ್ಲಿ 700 ರೂಪಾಯಿ. ಅದರ ಮೇಲೆ ನೂರಕ್ಕೆ 18ರ ತೆರಿಗೆ 126. ‘ಕನಿಷ್ಠ ಮೊತ್ತ’ವೆಂದು 1,000 ರೂಪಾಯಿ ಕಟ್ಟಿ ನಿಶ್ಚಿಂತನಾದವನ ಹಣದಲ್ಲಿ 826 ಹೀಗೆ ಹೋಗಿ, ಅಸಲಿಗೆ ಸಲ್ಲುವುದು 174 ಮಾತ್ರ. ಇಂಥವನು ಮುಂದಿನ ದೀಪಾವಳಿಯಲ್ಲಿಯೂ ಈ ದೀಪಾವಳಿಯ ಪಟಾಕಿಗೆ ಹಣ ತೆರುತ್ತಿರುವನೆಂಬುದರಲ್ಲಿ ಸಂದೇಹವಿಲ್ಲ.

ಕೈಯಲ್ಲಿಯ ದೂರವಾಣಿಯ ಮೂಲಕ ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆಂಬವರ ವಿಷಯದಲ್ಲಂತೂ ಮಹಾಜನರು ಬಹು ಜಾಗರೂಕರಾಗಿರತಕ್ಕದ್ದು. ಇಂಥ ಸಾಲದ ವಾರ್ಷಿಕ ವೆಚ್ಚವೆಲ್ಲವನ್ನೂ ಮುಂಚಿತವಾಗಿಯೇ ಒಂದು ತಿಳಿವಳಿಕೆ ಪತ್ರದಲ್ಲಿ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ಆ ಪತ್ರವನ್ನು ಕೊಡದವನಿಂದ ಬಿಡಿಗಾಸನ್ನೂ ತೆಗೆದುಕೊಳ್ಳಬಾರದು. 2025ರ ಆರಂಭದಲ್ಲಿ ಚಾಮರಾಜನಗರ, ಮೈಸೂರು ಮೊದಲಾದ ಕಡೆಗಳಿಂದ, ಕಿರುಸಾಲದ ವಸೂಲಿಯವರ ಕಿರುಕುಳವನ್ನು ತಾಳಲಾರದೆ ಮನೆಗೆ ಬೀಗ ಹಾಕಿ ಊರನ್ನೇ ಬಿಟ್ಟವರ ವಾರ್ತೆಗಳು ಬಂದುದನ್ನು ವಾಚಕರು ಬಲ್ಲರು. ಆ ಬಳಿಕ ರಾಜ್ಯ ಸರ್ಕಾರದವರು ಬಲಾತ್ಕಾರದ ವಸೂಲಿಯನ್ನು ತಡೆಯುವ ಶಾಸನವನ್ನು ತಂದರು. ಶಾಸನವು ಬೇಕಾದುದೇ. ಆದರೆ ಬಾಗಿಲಿಗೆ ಬಂದವನನ್ನು ಅದು ತಡೆಯಬಲ್ಲದು. ಅವನನ್ನು ಬಾಗಿಲಿಗೆ ಬರಮಾಡಿಕೊಳ್ಳುವ ನಮ್ಮ ಆಡಂಬರವನ್ನು ಯಾವ ಶಾಸನವು ತಡೆದೀತು?

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲನೆಯ ದಿನ, ಕೇಂದ್ರ ಸರ್ಕಾರದವರು ಹಲವು ಪದಾರ್ಥಗಳ ಮೇಲಣ ತೆರಿಗೆಯನ್ನು ಇಳಿಸಿ, ಅದನ್ನು ಉಳಿತಾಯದ ಉತ್ಸವವೆಂದು ಕರೆದರು. ದೊಡ್ಡ ಟೆಲಿವಿಷನ್ನಿನ ತೆರಿಗೆಯು ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಹೇಗೂ ಕೊಳ್ಳಲೇಬೇಕಾಗಿದ್ದವನಿಗೆ ಅದು ಉಳಿತಾಯವೇ ಸರಿ. ಅಗ್ಗವಾಯಿತೆಂಬ ಕಾರಣಕ್ಕಾಗಿಯೇ, ಬೇಡವಾದುದನ್ನು ಸಾಲದಲ್ಲಿ ಕೊಂಡವನಿಗೆ ಅದು ಉಳಿತಾಯ ಹೇಗಾದೀತು?

ಸಾಲಕ್ಕಿಂತಲೂ ಭಾರವಾದುದು ಸಾಲದ ಚಿಂತೆ. ಗಂಡನು ಸಾಲವನ್ನು ಹೆಂಡತಿಗೆ ಹೇಳನು. ಹೆಂಡತಿಯು ಒಡವೆ ಅಡವಿಟ್ಟುದನ್ನು ತೌರಿಗೆ ಹೇಳಳು. ಮುದುಕರಾದ ತಂದೆತಾಯಿಗಳು ಔಷಧದ ಹಣವನ್ನು ಮೊಮ್ಮಗನ ಬಟ್ಟೆಗೆ ಕೊಟ್ಟು ಸುಮ್ಮನಾಗುವರು. ಎಲ್ಲರೂ ಒಬ್ಬರಿಗೊಬ್ಬರು ಮರೆಮಾಡಿ ನಗುವ ಮನೆಯಲ್ಲಿ ಹಬ್ಬವೆಲ್ಲಿಯದು? ಹಬ್ಬಕ್ಕೆ ಒಂದು ತಿಂಗಳು ಮೊದಲು ಮನೆಯವರೆಲ್ಲರೂ ಕುಳಿತು, ಇರುವುದಿಷ್ಟು, ಖರ್ಚು ಇಷ್ಟಕ್ಕೆ ಮೀರಬಾರದು ಎಂದು ಒಂದು ಹಾಳೆಯಲ್ಲಿ ಬರೆದರೆ ಅರ್ಧ ಚಿಂತೆಯು ಅಲ್ಲಿಯೇ ಕಳೆಯುತ್ತದೆ. ಮಕ್ಕಳು ನಾವೆಣಿಸಿದುದಕ್ಕಿಂತ ಹೆಚ್ಚು ವಿವೇಕಿಗಳು. ನಿಜವನ್ನು ಹೇಳಿದರೆ ತಿಳಿದುಕೊಳ್ಳುತ್ತಾರೆ. ಚಿಂತೆಯು ನಿದ್ರೆಯನ್ನು ಕೆಡಿಸಿ ಜೀವದ ಮೇಲೆ ಬೇಸರ ತರುವಷ್ಟಾದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿಮಾನಸ್ ಎಂಬ ಉಚಿತ ದೂರವಾಣಿ, ಸಂಖ್ಯೆ 14416, ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಕೇಂದ್ರ. ಜ್ವರ ಬಂದರೆ ವೈದ್ಯನಲ್ಲಿಗೆ ಹೋಗಲು ನಾಚದವನು ಇದಕ್ಕೆ ನಾಚಬೇಕಾದುದಿಲ್ಲ.

ಯಜಮಾನರಿಗೂ ಅಧಿಕಾರಿಗಳಿಗೂ ನಮ್ಮದೊಂದು ಮಾತುಂಟು. ಲೆಕ್ಕದ ವರ್ಷ ಮುಗಿದ 8 ತಿಂಗಳೊಳಗೆ ಬೋನಸ್ಸನ್ನು ಕೊಟ್ಟರೆ ಕಾನೂನಿಗೆ ಸಾಕು, ಮನುಷ್ಯತ್ವಕ್ಕೆ ಸಾಲದು. ಹಬ್ಬದ ಮುನ್ನಾದಿನ ಸಂಜೆ ಬಂದ ಬೋನಸ್ಸು ಸಾಲ ಕೊಟ್ಟವನ ಪಾಲಾಗುತ್ತದೆ. ಒಂದು ತಿಂಗಳು ಮೊದಲೇ ಬಂದರೆ ಕೆಲಸಗಾರನ ಪಾಲಾಗುತ್ತದೆ. ಇನ್ನು ಕಚೇರಿಗಳಿಗೆ ಹೋಗುವ ಮಿಠಾಯಿ ಪೆಟ್ಟಿಗೆಗಳ ವಿಚಾರ. ಇಲಾಖೆಗಳು ದೀಪಾವಳಿಯ ಉಡುಗೊರೆಗೆ ಸರ್ಕಾರದ ಹಣವನ್ನು ವೆಚ್ಚ ಮಾಡಕೂಡದೆಂದು ಕೇಂದ್ರದ ಹಣಕಾಸು ಮಂತ್ರಾಲಯವು 2025ರ ಸೆಪ್ಟೆಂಬರಿನಲ್ಲಿ ಆಜ್ಞೆ ಮಾಡಿತು. ಕೊಡುವುದು ತಪ್ಪಾದರೆ ತೆಗೆದುಕೊಳ್ಳುವುದು ಸರಿಯಾದೀತೆ? ಸಣ್ಣ ಅಂಗಡಿಕಾರನು ಸಾಲ ಮಾಡಿ ಸಾಹೇಬರ ಮನೆಗೆ ಪೆಟ್ಟಿಗೆ ಒಯ್ಯುವುದು ಪ್ರೀತಿಯಿಂದಲ್ಲ, ಭಯದಿಂದ. ಅದನ್ನು ಹಿಂದಕ್ಕೆ ಕಳುಹಿಸುವ ಅಧಿಕಾರಿಯು ಎರಡು ಮನೆಗಳ ಮಾನವನ್ನು ಉಳಿಸುತ್ತಾನೆ. ಮಿತವ್ಯಯದ ಹೆಸರಿನಲ್ಲಿ ಪೌರಕಾರ್ಮಿಕನ, ಮನೆಗೆಲಸದಾಕೆಯ ಹಬ್ಬದ ಇನಾಮನ್ನು ಮಾತ್ರ ಯಾರೂ ಕತ್ತರಿಸದಿರಲಿ. ಕತ್ತರಿಯು ಆಡಂಬರಕ್ಕೆ ಬೀಳಲಿ, ಬಡವನ ಹಕ್ಕಿಗಲ್ಲ.

ಹಾಗಾದರೆ ದಾರಿ ಯಾವುದು? ಅದು ನಮ್ಮ ಮಣ್ಣಿನಲ್ಲಿಯೇ ಇದೆ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಬಡವರು ತಮ್ಮ ಕಾಸನ್ನು ಒಟ್ಟುಗೂಡಿಸಿದರೆ ಸಾಹುಕಾರನ ಕಾಲು ಹಿಡಿಯಬೇಕಾದುದಿಲ್ಲವೆಂಬುದೇ ಅವರ ಮಂತ್ರ. ಅದೇ ಮಂತ್ರವು ಮನೆಗೂ ಸಲ್ಲುತ್ತದೆ. ಹಬ್ಬಕ್ಕೆ 18,000 ಬೇಕೆಂದಿದ್ದರೆ, ದೀಪಾವಳಿಯ ಮಾರನೆಯ ತಿಂಗಳಿನಿಂದಲೇ 1,500ರಂತೆ ಬ್ಯಾಂಕಿನಲ್ಲಾಗಲಿ ನಂಬಿಕೆಯ ಸಹಕಾರ ಸಂಘದಲ್ಲಾಗಲಿ ಆವರ್ತ ಠೇವಣಿ ಇಡತಕ್ಕದ್ದು. ಬಡ್ಡಿಯು ಆಗ ನಮ್ಮ ಕಡೆಗೆ ಬರುತ್ತದೆ. ಬೀದಿಯಲ್ಲಿ ನಡೆಸುವ ಹಬ್ಬದ ಚೀಟಿಗೆ ಹಣ ಕಟ್ಟುವವರು ಅದು 1982ರ ಕಾಯಿದೆಯಂತೆ ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸಲಿ.

ಗಾಂಧೀಜಿಯವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬಿಡಿಕಾಸಿಗೂ ಲೆಕ್ಕವಿಡುತ್ತಿದ್ದರು. ಮುಂದೆ ಸಾರ್ವಜನಿಕ ಹಣವನ್ನು ಸಾಲವಿಲ್ಲದೆ ನಡೆಸಲು ಆ ಅಭ್ಯಾಸವೇ ನೆರವಾಯಿತೆಂದು ಅವರೇ ಬರೆದಿದ್ದಾರೆ. ಸ್ವರಾಜ್ಯವೆಂಬುದು ದಿಲ್ಲಿಯಲ್ಲಿ ಮಾತ್ರ ಇರತಕ್ಕ ಪದಾರ್ಥವಲ್ಲ. ತನ್ನ ಮುಂದಿನ ವರ್ಷದ ದುಡಿಮೆಯನ್ನು ಈ ವರ್ಷವೇ ಪರರಿಗೆ ಬರೆದುಕೊಟ್ಟ ಗೃಹಸ್ಥನು, ಬಾವುಟವನ್ನು ಎಷ್ಟು ಎತ್ತರಕ್ಕೆ ಏರಿಸಿದರೂ, ಸ್ವತಂತ್ರನಲ್ಲ. ಈ ಸಲ ವರ್ತಕನ ಅಂಗಡಿಯಲ್ಲಿ ಹೊಸ ಖಾತೆಯು ಆರಂಭವಾಗುವ ದಿನದಲ್ಲಿಯೇ ನಮ್ಮ ಪ್ರತಿಯೊಬ್ಬ ವಾಚಕರ ಮನೆಯಲ್ಲಿಯೂ ಒಂದು ಜಮಾಖರ್ಚಿನ ಪುಸ್ತಕವು ಆರಂಭವಾಗಲಿ. ಅದರ ಮೊದಲನೆಯ ಪುಟದಲ್ಲಿ ಸಾಲದ ಬಾಕಿಯನ್ನು ಮುಚ್ಚುಮರೆಯಿಲ್ಲದೆ ಬರೆಯಲಿ.