ಎಂಜಿನು ಬದಲಾದರೆ ಸಾಲದು, ದಾರಿ ಬದಲಾಗಬೇಕು

ಸಂಜೆಯ ಕೊನೆಯ ಬಸ್ಸು ರದ್ದಾದರೆ ಮಲೆನಾಡಿನ ಹಳ್ಳಿಯಲ್ಲಿ ಏನಾಗುತ್ತದೆ? ಕಾಲೇಜಿಗೆ ಹೋದ ಹುಡುಗಿ ಕತ್ತಲಲ್ಲಿ ಮೈಲಿಗಟ್ಟಲೆ ನಡೆಯುತ್ತಾಳೆ. ಮರುವರ್ಷ ಮನೆಯವರು ಸಾಲ ಮಾಡಿ ಸ್ಕೂಟರು ಕೊಳ್ಳುತ್ತಾರೆ. ಒಂದು ಬಸ್ಸು ನಿಂತಲ್ಲಿ ಹತ್ತಾರು ಹೊಗೆಕೊಳವೆಗಳು ಹುಟ್ಟುತ್ತವೆ. ದೇಶದ ಸಾರಿಗೆಯ ಇಂಗಾಲವನ್ನು ತಗ್ಗಿಸುವ ಚರ್ಚೆ ಈ ಬಸ್ ನಿಲ್ದಾಣದಿಂದ ಆರಂಭವಾಗಬೇಕಿತ್ತು. ಅದು ಆರಂಭವಾಗಿರುವುದು ಕಾರಿನ ಷೋರೂಮಿನಿಂದ.

2070ರ ವೇಳೆಗೆ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವುದಾಗಿ ಭಾರತವು 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಿತು. ಸಾರಿಗೆಯಿಂದ ಹೊಮ್ಮುವ ಇಂಗಾಲದಲ್ಲಿ ಸುಮಾರು ಶೇ. 90ರಷ್ಟು ರಸ್ತೆ ವಾಹನಗಳದು. ಇದಕ್ಕೆ ಅತಿ ಹೆಚ್ಚು ಪ್ರಚಾರ ಪಡೆದ ಮದ್ದುಗಳು ಎರಡು: ಎಥನಾಲ್ ಮತ್ತು ವಿದ್ಯುತ್ ವಾಹನ. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ಮುಟ್ಟಲಾಯಿತು. ಆದರೆ ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. ಘಟ್ಟದಲ್ಲಿ ಹುಟ್ಟಿದ ನದಿಯ ನೀರು ಬಯಲಿನ ಕಬ್ಬಿನ ಗದ್ದೆಯ ಮೂಲಕ ಕಾರಿನ ಟ್ಯಾಂಕು ಸೇರುವುದು ಯಾವ ಸೀಮೆಯ ಪರಿಸರ ಕಾಳಜಿ? ವಿದ್ಯುತ್ ವಾಹನ ಹೊಗೆಯುಗುಳದು, ನಗರದ ಮಕ್ಕಳ ಶ್ವಾಸಕೋಶಕ್ಕೆ ಅದು ಒಳ್ಳೆಯದೇ. ಆದರೆ ದೇಶದ ವಿದ್ಯುತ್ತಿನ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಮೇಲಾಗಿ, ವಿದ್ಯುತ್ ಕಾರಿಗೂ ಪೆಟ್ರೋಲ್ ಕಾರಿನಷ್ಟೇ ಅಗಲದ ರಸ್ತೆ ಬೇಕು.

ರಸ್ತೆ ಅಗಲವಾದಾಗ ಬೆಲೆ ತೆರುವುದು ಗುಡ್ಡ ಮತ್ತು ಗುಡ್ಡದ ಬುಡದ ಜನ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಚತುಷ್ಪಥಕ್ಕಾಗಿ ಕಡಿದ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿಯಿತು. ಹೆದ್ದಾರಿಬದಿಯ ಚಹಾದಂಗಡಿ, ಲಾರಿ, ಜನ ಎಲ್ಲವೂ ಗಂಗಾವಳಿಯ ಪಾಲಾದವು.

ಬೇರೆ ದಾರಿ ಇಲ್ಲವೇ? ಇದೆ, ಮತ್ತು ಅದು ಹೊಸದೇನಲ್ಲ. 1950–51ರಲ್ಲಿ ದೇಶದ ಸರಕು ಸಾಗಣೆಯ ಶೇ. 80ಕ್ಕೂ ಹೆಚ್ಚು ಪಾಲು ರೈಲಿನದಾಗಿತ್ತು. ಇಂದು ಮೂರನೇ ಒಂದು ಪಾಲೂ ಉಳಿದಿಲ್ಲ. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ತಡೆ ಕಡಿಮೆ. ಆದುದರಿಂದ ಅಷ್ಟೇ ಸರಕಿಗೆ ರೈಲು ಲಾರಿಗಿಂತ ಬಹಳ ಕಡಿಮೆ ಇಂಧನ ಬಳಸುತ್ತದೆ. ಕೊಂಕಣ ರೈಲ್ವೆಯಂತೂ 1999ರಲ್ಲೇ ತುಂಬಿದ ಲಾರಿಗಳನ್ನು ರೈಲಿನ ಮೇಲೇರಿಸಿ ಸಾಗಿಸಲು ಆರಂಭಿಸಿತು. ಆ ಸೇವೆ ಮುಂದೆ ಸುರತ್ಕಲ್‌ವರೆಗೂ ಬಂತು.

ರೈಲೆಂದರೆ ಕಾಡು ಕಡಿದು ಹೊಸ ಮಾರ್ಗ ಹಾಕುವುದೆಂದು ಅರ್ಥವಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ಬಂದ ವಿರೋಧ ಕಾಡಿನ ಕಾರಣಕ್ಕೆ, ರೈಲಿನ ದ್ವೇಷಕ್ಕಲ್ಲ. ಮೊದಲು ಇರುವ ಹಳಿಗಳನ್ನು ಪೂರ್ತಿ ಬಳಸಲಿ.

ಬಸ್ಸಿನ ವಿಷಯದಲ್ಲೂ ಅಷ್ಟೇ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದಾಗ ಬಸ್ಸುಗಳು ತುಂಬಿ ತುಳುಕಿದವು. ಅದನ್ನು ಗೇಲಿ ಮಾಡಿದವರು ಒಂದು ಸತ್ಯವನ್ನು ಮರೆತರು: ಬಸ್ಸಿದ್ದರೆ ಜನ ಹತ್ತುತ್ತಾರೆ. ಕೊರತೆ ಬಸ್ಸಿನದು, ಪ್ರಯಾಣಿಕರದಲ್ಲ.

ಹೆದ್ದಾರಿ ಅಗಲೀಕರಣಕ್ಕೆ ಮೊದಲು ಹಳ್ಳಿಗೆ ಬೆಳಗು-ಸಂಜೆಯ ಬಸ್ಸು ಬರಲೆಂದು ಗ್ರಾಮಸಭೆಗಳು ಠರಾವು ಮಾಡಲಿ. ವಿದ್ಯಾರ್ಥಿಗಳು ತಮ್ಮೂರಿಗೆ ಬಾರದ ಬಸ್ಸುಗಳ ಲೆಕ್ಕವನ್ನು ದಿನಾಂಕಸಹಿತ ಬರೆದಿಡಲಿ. ಇಂಗಾಲದ ಲೆಕ್ಕ ಕೇಳುವ ಅಧಿಕಾರಿಗಳ ಮುಂದೆ ಇಡಬೇಕಾದ ಮೊದಲ ದಾಖಲೆ ಅದೇ.